ಊಟದ ಮೇಜಿನ ಮೇಲೆ ಮನೋರೋಗದ ಪಾಠ



ಮನೋವಿಜ್ಞಾನದಲ್ಲಿ ‘ಅಪಸಾಮಾನ್ಯ ಮನೋವಿಜ್ಞಾನ’ವೆಂಬ ಒಂದು ವಿಭಾಗವುಂಟು. ಅಬ್‌ನಾರ್ಮಲ್ ಸೈಕಾಲಜಿ ಎಂದರೆ ಕಾಲೇಜು ಓದಿದವರಿಗೆ ಬೇಗ ತಿಳಿದೀತು. ಖಿನ್ನತೆ, ಆತಂಕ, ಗೀಳು, ಉನ್ಮಾದ, ಸ್ಕಿಜೋಫ್ರೀನಿಯಾ, ಕುಡಿತದ ಚಟ, ಮುಪ್ಪಿನ ಮರೆವು ಇವೇ ಮೊದಲಾಗಿ ಮನಸ್ಸು ತನ್ನ ಹದವನ್ನು ಕಳೆದುಕೊಂಡಾಗ ಒದಗುವ ಸ್ಥಿತಿಗಳನ್ನು ಅದು ವಿವರಿಸುತ್ತದೆ. ಹಿಂದೆ ಇದು ವೈದ್ಯರಾಗುವವರ, ಇಲ್ಲವೇ ವಿಶ್ವವಿದ್ಯಾಲಯಗಳಲ್ಲಿ ಪಾಠ ಹೇಳುವವರ ವಿಷಯವಾಗಿತ್ತು. ಈಗ ಹಾಗಿಲ್ಲ. ಅಮೆರಿಕೆಯಲ್ಲಿ ನೆಲೆಸಿರುವ ನಮ್ಮ ಹೆಣ್ಣುಮಕ್ಕಳಲ್ಲಿ ಕೆಲವರು ಮಕ್ಕಳನ್ನು ಮಲಗಿಸಿ, ಪಾತ್ರೆ ತೊಳೆದಿಟ್ಟು, ಊಟದ ಮೇಜಿನ ಮೇಲೆಯೇ ಈ ವಿಷಯವನ್ನು ದೂರಶಿಕ್ಷಣದ ಮೂಲಕ ಓದುತ್ತಿದ್ದಾರೆ. ನಮ್ಮ ತಂಗಿಯ ಮಗಳು ಅಂಥವರಲ್ಲಿ ಒಬ್ಬಳು. ಅವಳಿರುವುದು ಟೆಕ್ಸಾಸಿನಲ್ಲಿ, ಅವಳ ಕಾಲೇಜು ಇರುವುದು ಸಾವಿರ ಮೈಲಿ ಆಚೆಯ ಇನ್ನೊಂದು ರಾಜ್ಯದಲ್ಲಿ. ಅದೊಂದು ಕ್ರೈಸ್ತ ಕಾಲೇಜು.

ಈ ಸುದ್ದಿ ಊರಿಗೆ ಮುಟ್ಟಿದಾಗ ಮನೆಯ ಹಿರಿಯರಲ್ಲಿ ಎರಡು ಬಗೆಯ ಕಳವಳಗಳು ಹುಟ್ಟಿದವು. ಲಿಂಗಾಯತರ ಮನೆಯ ಹುಡುಗಿ ಕ್ರೈಸ್ತರ ಕಾಲೇಜಿನಲ್ಲಿ ಬೈಬಲ್ ಓದಬೇಕಂತೆ, ಮುಂದೆ ಏನಾದೀತೋ ಎಂಬುದು ಒಂದು. ಇಂಥ ವಿಷಯವನ್ನು ಮನೆಯೊಳಗೆ ತಂದುಕೊಂಡು ಹುಚ್ಚರ ಕಥೆಗಳನ್ನು ಓದುತ್ತ ಕುಳಿತರೆ ಸಂಸಾರಕ್ಕೆ ಒಳ್ಳೆಯದೇ ಎಂಬುದು ಇನ್ನೊಂದು. ನಾವು ಮೊದಲನೆಯ ಕಳವಳವನ್ನು ಅಷ್ಟಾಗಿ ಹಚ್ಚಿಕೊಳ್ಳಲಿಲ್ಲ. ಎರಡನೆಯದರಲ್ಲಿ ಮಾತ್ರ ಹುರುಳಿದೆಯೆಂದು ನಮಗೆ ತೋರಿತು. ಆದರೆ ಹಿರಿಯರು ಎಣಿಸಿದ ಕಾರಣಕ್ಕಾಗಿ ಅಲ್ಲ. ಅದನ್ನು ಮುಂದೆ ಹೇಳುವೆವು.

ಮನೆಯಲ್ಲಿಯೇ ಕುಳಿತು ಕಾಲೇಜು ಓದುವ ಪದ್ಧತಿಗೂ ಅಮೆರಿಕೆಯ ಕ್ರೈಸ್ತ ಸಂಸ್ಥೆಗಳಿಗೂ ಹಳೆಯ ನಂಟು ಇದೆಯೆಂಬುದು ನಮ್ಮಲ್ಲಿ ಹಲವರಿಗೆ ತಿಳಿಯದು. ನ್ಯೂಯಾರ್ಕ್ ರಾಜ್ಯದ ಶಟಾಕ್ವಾ ಎಂಬ ಸರೋವರದ ದಂಡೆಯಲ್ಲಿ 1874ರಲ್ಲಿ ಭಾನುವಾರದ ಧರ್ಮಶಾಲೆಗಳ ಉಪಾಧ್ಯಾಯರಿಗಾಗಿ ಒಂದು ಬೇಸಿಗೆ ಶಿಬಿರ ಪ್ರಾರಂಭವಾಯಿತು. ಶಿಬಿರ ಮುಗಿಸಿ ಊರಿಗೆ ಹೋದವರು ಉಳಿದ ತಿಂಗಳುಗಳಲ್ಲಿಯೂ ಓದು ಮುಂದುವರಿಸಲೆಂದು 1878ರಲ್ಲಿ ಮನೆಯೋದಿನ ಮಂಡಲಿಯೊಂದನ್ನು ಅಲ್ಲಿ ಕಟ್ಟಿದರು. ವಿಲಿಯಂ ರೈನಿ ಹಾರ್ಪರ್ ಎಂಬ ಹೀಬ್ರೂ ಪಂಡಿತರು ಅಂಚೆಯ ಮೂಲಕವೇ ಹೀಬ್ರೂ ಭಾಷೆಯನ್ನು ಕಲಿಸುತ್ತಿದ್ದರು. ಅವರೇ ಮುಂದೆ ಚಿಕಾಗೋ ವಿಶ್ವವಿದ್ಯಾಲಯದ ಮೊದಲ ಅಧ್ಯಕ್ಷರಾಗಿ, 1892ರಲ್ಲಿ ಅದು ಬಾಗಿಲು ತೆರೆದಾಗಲೇ ಅಂಚೆ ಶಿಕ್ಷಣಕ್ಕೂ ಅಲ್ಲಿ ಎಡೆಮಾಡಿಕೊಟ್ಟರು. ಅದೇ ಊರಿನ ಮೂಡಿ ಬೈಬಲ್ ಸಂಸ್ಥೆ 1901ರಲ್ಲಿ ಅಂಚೆ ಪಾಠಗಳನ್ನು ಆರಂಭಿಸಿತು. ಬೈಬಲನ್ನು ಹಳ್ಳಿಹಳ್ಳಿಯ ಮನೆಗಳಿಗೆ ಮುಟ್ಟಿಸುವ ಹಂಬಲವೇ ಅಂಚೆಚೀಟಿಯ ವಿದ್ಯೆಗೆ ಬಹುಮಟ್ಟಿಗೆ ದಾರಿ ತೋರಿತೆಂದರೆ ತಪ್ಪಾಗಲಾರದು.

ಈ ದಾರಿಯಲ್ಲಿ ಇಂದು ಎದ್ದು ಕಾಣುವುದು ವರ್ಜೀನಿಯಾದ ಲಿಂಚ್‌ಬರ್ಗ್ ಪಟ್ಟಣದ ಲಿಬರ್ಟಿ ವಿಶ್ವವಿದ್ಯಾಲಯ. ದೂರದರ್ಶನದ ಉಪನ್ಯಾಸಗಳಿಂದ ಹೆಸರಾದ ಜೆರ್ರಿ ಫಾಲ್ವೆಲ್ ಎಂಬ ಬ್ಯಾಪ್ಟಿಸ್ಟ್ ಧರ್ಮೋಪದೇಶಕರು 1971ರಲ್ಲಿ ಅದನ್ನು ಸ್ಥಾಪಿಸಿದರು. 1985ರಲ್ಲಿ ದೂರಶಿಕ್ಷಣ ಆರಂಭವಾದಾಗ ಪಾಠಗಳು ವಿಡಿಯೋ ಕ್ಯಾಸೆಟ್ಟುಗಳಲ್ಲಿ ತುಂಬಿ ಅಂಚೆಯಲ್ಲಿ ಹೋಗುತ್ತಿದ್ದವು. ಈಗ ಕ್ಯಾಸೆಟ್ಟುಗಳ ಜಾಗದಲ್ಲಿ ಕಂಪ್ಯೂಟರ್ ಬಂದಿದೆ. ಹೀಗೆ ಮನೆಯಿಂದಲೇ ಓದುವವರ ಸಂಖ್ಯೆ ಆ ಒಂದು ಸಂಸ್ಥೆಯಲ್ಲಿಯೇ ಲಕ್ಷವನ್ನು ದಾಟಿದೆ. ಹೆಚ್ಚಿನ ವಿಷಯಗಳನ್ನು ಎಂಟು ವಾರಗಳಲ್ಲಿ ಮುಗಿಸುವ ಕ್ರಮವಿದೆ. ಅಪಸಾಮಾನ್ಯ ಮನೋವಿಜ್ಞಾನವೂ ಅವುಗಳಲ್ಲೊಂದು. ನಮ್ಮ ಸೋದರಸೊಸೆ ಓದುವುದು ಆ ಸಂಸ್ಥೆಯಲ್ಲಲ್ಲ. ಆದರೆ ಇಂಥ ಕಾಲೇಜುಗಳ ಕ್ರಮವೆಲ್ಲ ಹೆಚ್ಚುಕಡಿಮೆ ಇದೇ ಮಾದರಿಯದು. ವಾರಕ್ಕೆ ಒಂದೆರಡು ಅಧ್ಯಾಯ, ಒಂದು ಕಿರುಪರೀಕ್ಷೆ, ಸಹಪಾಠಿಗಳೊಡನೆ ಬರೆಹದ ಮೂಲಕ ಒಂದು ಚರ್ಚೆ, ಕೊನೆಯಲ್ಲಿ ಒಂದು ಪ್ರಬಂಧ. ಆಕೆಯ ಸಹಪಾಠಿಗಳಲ್ಲಿ ಸೈನಿಕನ ಹೆಂಡತಿಯಿದ್ದಾಳೆ, ಚರ್ಚಿನ ಸಹಾಯಕನಿದ್ದಾನೆ, ಅರವತ್ತು ದಾಟಿದ ನಿವೃತ್ತ ನರ್ಸ್ ಒಬ್ಬರಿದ್ದಾರೆ. ಯಾರೂ ಯಾರ ಮುಖವನ್ನೂ ಕಂಡವರಲ್ಲ.

ಪಾಠದ ಮೊದಲ ಪ್ರಶ್ನೆಯೇ ಬಿಡಿಸಲು ಕಠಿಣವಾದುದು. ‘ಸಹಜ’ವೆಂದರೆ ಯಾವುದು, ‘ಅಸಹಜ’ವೆಂದರೆ ಯಾವುದು? ಸಮಾಜದ ರೂಢಿಗಿಂತ ಬೇರೆಯಾಗಿರುವುದು, ವ್ಯಕ್ತಿಗೆ ಸಂಕಟ ತರುವುದು, ದಿನದ ಬಾಳುವೆಯನ್ನು ಕೆಡಿಸುವುದು, ತನಗೋ ಇತರರಿಗೋ ಅಪಾಯ ತರುವುದು, ಹೀಗೆ ನಾಲ್ಕು ಗುರುತುಗಳನ್ನು ಪಠ್ಯಪುಸ್ತಕಗಳು ಕೊಡುತ್ತವೆ. ಕೊಟ್ಟ ಮರುಕ್ಷಣವೇ ಇವುಗಳಲ್ಲಿ ಯಾವುದೊಂದೂ ತಾನಾಗಿಯೇ ಸಾಲದೆಂದು ಎಚ್ಚರಿಸುತ್ತವೆ. ರೂಢಿಗಿಂತ ಬೇರೆಯಾಗಿದ್ದವರನ್ನೆಲ್ಲ ರೋಗಿಗಳೆಂದರೆ ಸಮಾಜ ಸುಧಾರಕರೆಲ್ಲರೂ ಆಸ್ಪತ್ರೆ ಸೇರಬೇಕಾದೀತು! ಅಮೆರಿಕೆಯ ಮನೋವೈದ್ಯರ ಸಂಘ ‘ಡಿ.ಎಸ್.ಎಂ.’ ಎಂಬ ಕೈಪಿಡಿಯನ್ನು 1952ರಲ್ಲಿ ಮೊದಲು ಪ್ರಕಟಿಸಿತು. ಅದರ ಐದನೆಯ ಆವೃತ್ತಿ 2013ರಲ್ಲಿ ಬಂದು, 2022ರಲ್ಲಿ ಪರಿಷ್ಕಾರಗೊಂಡಿತು. ಯಾವ ರೋಗಕ್ಕೆ ಎಷ್ಟು ಲಕ್ಷಣಗಳು, ಎಷ್ಟು ಕಾಲ ಇರಬೇಕೆಂಬುದನ್ನು ಅದು ನಿಗದಿ ಮಾಡುತ್ತದೆ. ಸಲಿಂಗಾಸಕ್ತಿಯನ್ನು ರೋಗಗಳ ಪಟ್ಟಿಯಿಂದ 1973ರಲ್ಲಿ ತೆಗೆದುಹಾಕಿದರು. ಸಂಪ್ರದಾಯನಿಷ್ಠ ಕ್ರೈಸ್ತ ಕಾಲೇಜುಗಳಿಗೆ ಇಂದಿಗೂ ನುಂಗಲು ಕಷ್ಟವಾಗಿರುವ ತೀರ್ಮಾನವದು. ಪಟ್ಟಿಯನ್ನು ಮಾಡಿದವರು ಮನುಷ್ಯರು, ತಿದ್ದುವವರೂ ಮನುಷ್ಯರೇ ಎಂಬುದು ಇದರಿಂದ ವಿದ್ಯಾರ್ಥಿಗೆ ಸ್ಪಷ್ಟವಾಗುತ್ತದೆ.

ಅದೇ ಕೈಪಿಡಿಯಲ್ಲಿರುವ ಇನ್ನೊಂದು ಸಂಗತಿ ನಮ್ಮ ಓದುಗರಿಗೆ ರುಚಿಸೀತು. ಒಬ್ಬನ ನಂಬಿಕೆ ಎಷ್ಟೇ ವಿಚಿತ್ರವಾಗಿ ತೋರಿದರೂ ಅದು ಅವನ ಜನರು ಸಾಮಾನ್ಯವಾಗಿ ಒಪ್ಪಿಕೊಂಡ ನಂಬಿಕೆಯಾಗಿದ್ದರೆ ಅದನ್ನು ಭ್ರಮೆಯೆನ್ನಲಾಗದು. ಜಾತ್ರೆಯಲ್ಲಿ ಮೈಮೇಲೆ ದೇವರು ಬಂದು ಕುಣಿಯುವ ಹೆಂಗಸು ಮರುದಿನ ಎದ್ದು ರೊಟ್ಟಿ ತಟ್ಟಿ ಹೊಲಕ್ಕೆ ಹೋಗುತ್ತಿದ್ದರೆ, ಅಮೆರಿಕೆಯ ಕೈಪಿಡಿಯ ಪ್ರಕಾರವೂ ಆಕೆ ರೋಗಿಯಲ್ಲ. ಇದನ್ನು ಓದಿದ ದಿನ ನಮ್ಮ ಹುಡುಗಿ ಫೋನಿನಲ್ಲಿ ನಕ್ಕದ್ದೇ ನಕ್ಕದ್ದು. ‘ಮಾವಾ, ನಮ್ಮ ದೊಡ್ಡಮ್ಮನ್ನ ಇವರು ಪಾಸ್ ಮಾಡಿಬಿಟ್ರು’ ಎಂದಳು.

ರೋಗನಿರ್ಣಯದ ಮಿತಿಯನ್ನು ಹೇಳುವಾಗ ಪಠ್ಯಗಳು ಡೇವಿಡ್ ರೋಸೆನ್‌ಹ್ಯಾನ್ ಎಂಬ ಮನೋವಿಜ್ಞಾನಿಯ ಪ್ರಯೋಗವನ್ನು ತಪ್ಪದೆ ಪ್ರಸ್ತಾಪಿಸುತ್ತವೆ. ಮನಸ್ಸು ಸ್ವಸ್ಥವಾಗಿದ್ದ ಎಂಟು ಮಂದಿ ಹನ್ನೆರಡು ಆಸ್ಪತ್ರೆಗಳಿಗೆ ಹೋಗಿ, ಕಿವಿಯಲ್ಲಿ ಏನೋ ಧ್ವನಿ ಕೇಳುತ್ತದೆಂದು ಸುಳ್ಳು ಹೇಳಿ ಸೇರಿಕೊಂಡರೆಂದೂ, ಒಳಗೆ ಸೇರಿದ ಮೇಲೆ ಸಹಜವಾಗಿ ನಡೆದುಕೊಂಡರೂ ಸಿಬ್ಬಂದಿಗೆ ಅವರ ಗುಟ್ಟು ತಿಳಿಯಲಿಲ್ಲವೆಂದೂ 1973ರಲ್ಲಿ ಪ್ರಕಟವಾಯಿತು. ಸುಸಾನಾ ಕ್ಯಾಹಲನ್ ಎಂಬ ಪತ್ರಕರ್ತೆ 2019ರಲ್ಲಿ ಹೊರತಂದ ಪುಸ್ತಕದಲ್ಲಿ ಆ ಪ್ರಯೋಗದ ಪ್ರಾಮಾಣಿಕತೆಯನ್ನೇ ಪ್ರಶ್ನಿಸಿದ್ದಾರೆ. ವೈದ್ಯರನ್ನು ಪರೀಕ್ಷೆಗೆ ಒಡ್ಡಿದವರೇ ಹೀಗೆ ಪರೀಕ್ಷೆಗೆ ಒಳಗಾದರು.

ಇನ್ನು ಕ್ರೈಸ್ತ ಕಾಲೇಜಿನ ವಿಶೇಷಕ್ಕೆ ಬರೋಣ. ಪಠ್ಯಪುಸ್ತಕ ಹೊರಗಿನ ವಿಶ್ವವಿದ್ಯಾಲಯಗಳಲ್ಲಿ ಬಳಸುವಂಥದೇ. ವ್ಯತ್ಯಾಸವಿರುವುದು ಚರ್ಚೆಯಲ್ಲಿ ಮತ್ತು ಕೊನೆಯ ಪ್ರಬಂಧದಲ್ಲಿ. ‘ನಂಬಿಕೆಯನ್ನೂ ಮನೋವಿಜ್ಞಾನವನ್ನೂ ಹೊಂದಿಸಿ ಬರೆಯಿರಿ’ ಎಂದು ಅಲ್ಲಿ ಕೇಳುತ್ತಾರೆ. ಕೇಳಲು ಇದು ಸರಳವಾದರೂ ಇದರ ಹಿಂದೆ ಅರ್ಧ ಶತಮಾನ ಮೀರಿದ ಜಗಳವೊಂದು ಅಡಗಿದೆ. ಮನೋರೋಗವು ರೋಗವೋ ಪಾಪದ ಫಲವೋ ಎಂಬುದೇ ಆ ಜಗಳ.

ಜೇ ಆಡಮ್ಸ್ ಎಂಬ ಪ್ರೆಸ್ಬಿಟೇರಿಯನ್ ಪಾದ್ರಿಗಳು 1970ರಲ್ಲಿ ಒಂದು ಪುಸ್ತಕ ಬರೆದರು. ಮಿದುಳಿನ ಅಥವಾ ದೇಹದ ಕಾಯಿಲೆಯಿಂದ ಹುಟ್ಟದ ಮನಃಕ್ಲೇಶಗಳ ಬೇರು ಪಾಪದಲ್ಲಿದೆ. ಅದಕ್ಕೆ ಮನೋವೈದ್ಯನ ಅಗತ್ಯವಿಲ್ಲ, ಬೈಬಲನ್ನು ಬಲ್ಲ ಪಾದ್ರಿಯೇ ಎದುರು ನಿಂತು ಬುದ್ಧಿ ಹೇಳಿ ತಿದ್ದಬಲ್ಲನು ಎಂಬುದು ಅವರ ವಾದ. ಆ ಪುಸ್ತಕಕ್ಕೆ ಅಪಾರ ಓದುಗರು ದೊರೆತರು. ಇದಕ್ಕೆ ಎದುರಾಗಿ, ಕ್ಯಾಲಿಫೋರ್ನಿಯಾದ ಪ್ಯಾಸಡೀನಾದಲ್ಲಿರುವ ಫುಲ್ಲರ್ ಧರ್ಮವಿದ್ಯಾಲಯ 1965ರಷ್ಟು ಹಿಂದೆಯೇ ಮನೋವಿಜ್ಞಾನದ ಶಾಲೆಯೊಂದನ್ನು ತೆರೆದಿತ್ತು. ಧರ್ಮಶಾಸ್ತ್ರವನ್ನೂ ಚಿಕಿತ್ಸೆಯನ್ನೂ ಒಂದೇ ವಿದ್ಯಾರ್ಥಿಗೆ ಕಲಿಸುವುದು, ಕಾಲು ಮುರಿದವನಿಗೆ ಪ್ರಾರ್ಥನೆಯ ಜೊತೆಗೆ ಪಟ್ಟಿ ಕಟ್ಟುವಂತೆ ಮನಸ್ಸು ಮುರಿದವನಿಗೂ ವೈದ್ಯ ಮಾಡುವುದು ಆ ಶಾಲೆಯವರ ನಿಲುವು. ಇಂದು ದೂರಶಿಕ್ಷಣ ಕೊಡುವ ಕಾಲೇಜುಗಳು ಈ ಎರಡು ತುದಿಗಳ ನಡುವೆ ಎಲ್ಲೆಲ್ಲೋ ನಿಂತಿವೆ. ಸೇರುವ ಮೊದಲು ಯಾವ ಕಾಲೇಜು ಎಲ್ಲಿ ನಿಂತಿದೆಯೆಂದು ತಿಳಿದುಕೊಳ್ಳುವುದು ಅಗತ್ಯ.

ನಮ್ಮ ಮನಸ್ಸನ್ನು ಅತ್ಯಂತ ಸೆಳೆದುದು ಇವರಿಬ್ಬರಿಗೂ ಮುಂಚಿನ ಒಬ್ಬರ ಕಥೆ. ಆಂಟನ್ ಬಾಯ್ಸೆನ್ ಅವರು 1876ರಲ್ಲಿ ಹುಟ್ಟಿದವರು, ದೀಕ್ಷೆ ಪಡೆದ ಪಾದ್ರಿ. 1920ರಲ್ಲಿ, ನಲವತ್ತನಾಲ್ಕನೆಯ ವಯಸ್ಸಿನಲ್ಲಿ, ಅವರ ಮನಸ್ಸು ಇದ್ದಕ್ಕಿದ್ದಂತೆ ಕದಡಿಹೋಯಿತು. ಲೋಕವೇ ಮುಳುಗುತ್ತಿದೆಯೆಂಬ ಭಯಂಕರ ಭಾವನೆಗಳು ಮುತ್ತಿದವು. ಮನೆಯವರು ಮ್ಯಾಸಚುಸೆಟ್ಸ್ ರಾಜ್ಯದ ಆಸ್ಪತ್ರೆಗೆ ಸೇರಿಸಿದರು. ಸುಮಾರು ಹದಿನೈದು ತಿಂಗಳು ಅವರು ಆಸ್ಪತ್ರೆಗಳಲ್ಲಿ ಕಳೆದರು. ಅಲ್ಲಿ ಅವರು ಕಂಡುಕೊಂಡ ಸತ್ಯ ಇದು: ವೈದ್ಯರಿಗೆ ರೋಗಿಯ ದೇವರ ವಿಚಾರ ಬೇಕಾಗಿರಲಿಲ್ಲ, ಚರ್ಚಿನವರಿಗೆ ರೋಗಿಯ ಹುಚ್ಚಿನ ವಿಚಾರ ಬೇಕಾಗಿರಲಿಲ್ಲ. ಸಂಕಟಪಡುತ್ತಿದ್ದವನು ಮಾತ್ರ ಇಬ್ಬರಿಗೂ ಬೇಡವಾಗಿ ನಡುವೆ ಬಿದ್ದಿದ್ದನು. ಗುಣವಾಗಿ ಹೊರಬಂದ ಬಾಯ್ಸೆನ್ ಅವರು 1924ರಲ್ಲಿ ಅದೇ ರಾಜ್ಯದ ವೂಸ್ಟರ್ ಆಸ್ಪತ್ರೆಗೆ ಮರಳಿ ಬಂದರು, ಈ ಬಾರಿ ರೋಗಿಯಾಗಿ ಅಲ್ಲ, ಧರ್ಮೋಪದೇಶಕರಾಗಿ. 1925ರ ಬೇಸಿಗೆಯಲ್ಲಿ ಧರ್ಮಶಾಸ್ತ್ರ ಓದುವ ಕೆಲವರು ವಿದ್ಯಾರ್ಥಿಗಳನ್ನು ಕರೆತಂದು, ವಾರ್ಡುಗಳಲ್ಲಿ ದುಡಿಯಲು ಹಚ್ಚಿ, ಪುಸ್ತಕಗಳನ್ನು ಓದುವಷ್ಟೇ ಶ್ರದ್ಧೆಯಿಂದ ಬದುಕಿರುವ ಮನುಷ್ಯರನ್ನು ಓದಲು ಕಲಿಸಿದರು. ಇಂದು ಅಮೆರಿಕೆಯ ಆಸ್ಪತ್ರೆಗಳಲ್ಲಿ ರೋಗಿಗಳ ಬಳಿ ಕುಳಿತು ಮಾತನಾಡುವ ಪಾದ್ರಿಗಳಿಗೆ ಕೊಡುವ ತರಬೇತಿ ಅಲ್ಲಿಂದಲೇ ಬೆಳೆದುದು. 1930ರಲ್ಲಿಯೂ 1935ರಲ್ಲಿಯೂ ಅವರಿಗೆ ರೋಗ ಮರುಕಳಿಸಿತು. ಮತ್ತೆ ಚೇತರಿಸಿಕೊಂಡು 1936ರಲ್ಲಿ ತಮ್ಮ ಒಳಲೋಕದ ಅನ್ವೇಷಣೆಯನ್ನು ಕುರಿತು ಗ್ರಂಥ ಬರೆದರು. 1965ರಲ್ಲಿ ತೀರಿಕೊಳ್ಳುವವರೆಗೂ ತಮ್ಮ ಕಾಯಿಲೆಯನ್ನು ಅವರು ಮುಚ್ಚಿಡಲಿಲ್ಲ. ಮನೆಯಲ್ಲಿ ಇಂಥ ಸಂಗತಿಯನ್ನು ಅಕ್ಕಪಕ್ಕದವರಿಗೆ ತಿಳಿಯಗೊಡದ ನಮ್ಮಂಥವರಿಗೆ ಇದು ಸಣ್ಣ ಮಾತಲ್ಲ.

ಇಂಥ ತರಗತಿಗಳ ಚರ್ಚೆಗಳಲ್ಲಿ ಬೈಬಲಿನ ಎಲೀಯ ಪ್ರವಾದಿಯ ಪ್ರಸಂಗವೂ ಬರುವುದುಂಟು. ರಾಣಿಯ ಬೆದರಿಕೆಗೆ ಹೆದರಿ ಮರುಭೂಮಿಗೆ ಓಡಿದ ಆ ಪ್ರವಾದಿ ಒಂದು ಗಿಡದ ಕೆಳಗೆ ಕುಸಿದು, ತನಗೆ ಬದುಕು ಸಾಕೆಂದು ದೇವರಲ್ಲಿ ಸಾವನ್ನು ಬೇಡಿಕೊಂಡನು. ಆಗ ಬಂದ ದೇವದೂತನು ಅವನಿಗೆ ಉಪದೇಶ ಮಾಡಲಿಲ್ಲ, ನಂಬಿಕೆ ಸಾಲದೆಂದು ಬೈಯಲಿಲ್ಲ. ಎಬ್ಬಿಸಿ ರೊಟ್ಟಿಯನ್ನೂ ನೀರನ್ನೂ ಕೊಟ್ಟನು. ಮತ್ತೆ ಮಲಗಲು ಬಿಟ್ಟನು. ಮತ್ತೊಮ್ಮೆ ಎಬ್ಬಿಸಿ ಉಣ್ಣಲು ಹೇಳಿದನು. ನಮ್ಮ ಹುಡುಗಿ ತನ್ನ ಕೊನೆಯ ಪ್ರಬಂಧವನ್ನು ಇದರ ಮೇಲೆಯೇ ಬರೆದಳು. ತಾನು ಕ್ರೈಸ್ತಳಲ್ಲವೆಂದೂ, ಬೆಳಿಗ್ಗೆ ಇಷ್ಟಲಿಂಗ ಪೂಜೆ ಮುಗಿಸಿ ಈ ಕಥೆಯನ್ನು ಓದಿದೆನೆಂದೂ, ಹಸಿದು ದಣಿದು ಸೋತವನಿಗೆ ಮೊದಲು ಅನ್ನವಿಕ್ಕುವ ಧರ್ಮ ತನ್ನ ತವರಿನಲ್ಲಿಯೂ ದಾಸೋಹವೆಂಬ ಹೆಸರಿನಲ್ಲಿ ಇದೆಯೆಂದೂ ಮೊದಲ ಪುಟದಲ್ಲಿಯೇ ಬರೆದಿದ್ದಳು. ಅಧ್ಯಾಪಕರು ಒಳ್ಳೆಯ ಅಂಕವನ್ನೇ ಕೊಟ್ಟರು. ಇನ್ನೊಂದು ವಿಷಯದಲ್ಲಿ ಬೇರೊಬ್ಬ ಅಧ್ಯಾಪಕರು ಇದೇ ಬಗೆಯ ಪ್ರಬಂಧಕ್ಕೆ ಅಂಕ ಕಡಿತ ಮಾಡಿ, ಬೈಬಲಿನ ಆಧಾರ ಸಾಲದೆಂದು ಬರೆದರಂತೆ. ಹಾಗೆಯೂ ಆಗುವುದುಂಟು. ಕೆಲವು ಕಾಲೇಜುಗಳು ವಿದ್ಯಾರ್ಥಿಗಳಿಂದ ನಂಬಿಕೆಯ ಪ್ರತಿಜ್ಞೆಗೆ ಸಹಿ ಕೇಳುತ್ತವೆ. ಕೆಲವು ಯಾವ ಮತದವರನ್ನಾದರೂ ಸೇರಿಸಿಕೊಂಡು, ಬೈಬಲಿನ ಒಂದೆರಡು ವಿಷಯಗಳನ್ನು ಮಾತ್ರ ಎಲ್ಲರಿಗೂ ಕಡ್ಡಾಯ ಮಾಡುತ್ತವೆ. ಮತಾಂತರದ ಭಯಕ್ಕೆ ನಾವು ಕೊಡುವ ಉತ್ತರ ಇಷ್ಟೇ. ತನ್ನ ಮನೆಯ ಧರ್ಮವನ್ನು ತಿಳಿದ ಹುಡುಗಿ ಇನ್ನೊಬ್ಬರ ಧರ್ಮಗ್ರಂಥವನ್ನು ಓದಿದರೆ ಏನೂ ಕಳೆದುಕೊಳ್ಳುವುದಿಲ್ಲ.

ಈಗ ಎರಡನೆಯ ಕಳವಳ. ಕಾಲೇಜಿಗೆ ಹೋಗಿ ಓದುವವನು ಪಾಠವನ್ನು ತರಗತಿಯಲ್ಲಿ ಬಿಟ್ಟು ಬರಬಲ್ಲನು. ಮನೆಯಲ್ಲಿ ಓದುವವಳಿಗೆ ಆ ಸೌಲಭ್ಯವಿಲ್ಲ. ಪುಸ್ತಕದಲ್ಲಿರುವ ಲಕ್ಷಣಗಳೂ ಮನೆಯ ಜನರೂ ಒಂದೇ ಮೇಜಿನ ಸುತ್ತ ಕುಳಿತಿರುತ್ತಾರೆ! ವೈದ್ಯಕೀಯ ವಿದ್ಯಾರ್ಥಿಗಳು ತಾವು ಓದಿದ ರೋಗವೆಲ್ಲ ತಮಗೇ ಬಂದಿದೆಯೆಂದು ಹೆದರುವುದು ಹಳೆಯ ಕಥೆ. ಇಲ್ಲಿ ಅದು ಮನೆಮಂದಿಗೆಲ್ಲ ಹರಡುತ್ತದೆ. ಎರಡನೆಯ ವಾರದಲ್ಲಿ ನಮ್ಮ ಹುಡುಗಿಗೆ ಗಂಡನು ಬಾಗಿಲ ಚಿಲಕವನ್ನು ಎರಡು ಸಲ ನೋಡುವುದು ಗೀಳಿನಂತೆ ಕಂಡಿತು. ಮೂರನೆಯ ವಾರದಲ್ಲಿ ಅತ್ತೆಯವರ ನಿಟ್ಟುಸಿರು ಖಿನ್ನತೆಯಾಯಿತು. ಐದನೆಯ ವಾರದಲ್ಲಿ ಮಗನ ತುಂಟತನಕ್ಕೂ ಒಂದು ಹೆಸರು ಸಿಕ್ಕಿತು. ‘ಅತ್ತೆಯವರಿಗೆ ನಿಟ್ಟುಸಿರು ಬರುವುದು ಟೆಕ್ಸಾಸಿನಲ್ಲಿ ಮಾತಿಗೆ ಜನ ಇಲ್ಲದ್ದಕ್ಕೆ ಕಣವ್ವಾ, ಮೊದಲು ಅವರನ್ನು ಕರೆದುಕೊಂಡು ಹೊರಗೆ ಅಡ್ಡಾಡಿ ಬಾ’ ಎಂದು ನಾವು ಹೇಳಬೇಕಾಯಿತು. ಒಳ್ಳೆಯ ಅಧ್ಯಾಪಕರು ಮೊದಲ ವಾರದಲ್ಲಿಯೇ ಈ ವಿಷಯದಲ್ಲಿ ಎಚ್ಚರಿಕೆ ಕೊಡುತ್ತಾರೆ: ಓದುವುದು ತಿಳಿಯುವುದಕ್ಕೆ, ಮನೆಯವರಿಗೆ ಚೀಟಿ ಅಂಟಿಸುವುದಕ್ಕಲ್ಲ.

ಆದರೆ ಸ್ಕಿಜೋಫ್ರೀನಿಯಾದ ಅಧ್ಯಾಯ ಬಂದ ವಾರ ಅವಳು ನಗಲಿಲ್ಲ. ರಾತ್ರಿ ಹೊತ್ತಲ್ಲದ ಹೊತ್ತಿನಲ್ಲಿ ಫೋನು ಮಾಡಿ, ‘ಮಾವಾ, ನಮ್ಮ ಸಣ್ಣಜ್ಜನಿಗೆ ಇದೇ ಇತ್ತಲ್ಲವೇ?’ ಎಂದು ಕೇಳಿದಳು. ಅವಳ ಅಜ್ಜನ ತಮ್ಮ, ಎಂದರೆ ನಮ್ಮ ಚಿಕ್ಕಪ್ಪ, ಹಿತ್ತಲ ಕೋಣೆಯಲ್ಲಿ ಇಪ್ಪತ್ತು ವರ್ಷಗಳಿಗೂ ಮೀರಿ ಬದುಕಿದರು. ಗೋಡೆಯೊಡನೆ ಮಾತನಾಡುತ್ತಿದ್ದರು. ಊಟದಲ್ಲಿ ಯಾರೋ ವಿಷ ಹಾಕುತ್ತಾರೆಂಬ ಸಂಶಯದಿಂದ ತಾಯಿ ತಟ್ಟೆಯಿಂದ ಒಂದು ತುತ್ತು ತಿಂದು ತೋರಿಸಿದ ಮೇಲೆಯೇ ಉಣ್ಣುತ್ತಿದ್ದರು. ದೇವರು, ದಿಂಡರು, ತಾಯತ ಎಲ್ಲವೂ ಆಗಿದ್ದವು. ಮನೆಯಲ್ಲಿ ಹೆಣ್ಣು ನೋಡಲು ಯಾರಾದರೂ ಬರುವ ದಿನ ಅವರನ್ನು ತೋಟದ ಮನೆಗೆ ಕಳುಹಿಸುತ್ತಿದ್ದರು. ಇವಳನ್ನು ನೋಡಲು ಬಂದ ದಿನವೂ ಹಾಗೆಯೇ ನಡೆಯಿತು. ‘ಇದೇ ಇತ್ತು’ ಎಂದು ನಾವು ಹೇಳಿದೆವು. ಅವಳು ಕೇಳಿದ ಮುಂದಿನ ಪ್ರಶ್ನೆಯನ್ನು ತಾಯಂದಿರು ಊಹಿಸಬಲ್ಲರು.

ಆ ಪ್ರಶ್ನೆಗೆ ಉತ್ತರವೂ ಅದೇ ಅಧ್ಯಾಯದಲ್ಲಿತ್ತು. ಈ ರೋಗಕ್ಕೆ ವಂಶದ ಎಳೆಯೊಂದು ಇರುವುದು ನಿಜ. ಆದರೆ ತಂದೆಗೋ ತಾಯಿಗೋ ರೋಗವಿದ್ದರೂ ಅವರ ಮಕ್ಕಳಲ್ಲಿ ಸುಮಾರು ಹತ್ತರಲ್ಲಿ ಒಂಬತ್ತು ಮಂದಿಗೆ ಅದು ಬರುವುದಿಲ್ಲ. ಒಂದೇ ಪಿಂಡದಿಂದಾದ ಅವಳಿಗಳಲ್ಲಿ ಒಬ್ಬರಿಗೆ ಬಂದರೂ ಅರ್ಧದಷ್ಟು ಅಥವಾ ಅದಕ್ಕೂ ಹೆಚ್ಚು ಸಂದರ್ಭಗಳಲ್ಲಿ ಇನ್ನೊಬ್ಬರು ಪಾರಾಗುತ್ತಾರೆ. ಅಜ್ಜನ ತಮ್ಮನಿಂದ ಮರಿಮಕ್ಕಳ ತಲೆಮಾರಿಗೆ ಬರುವಷ್ಟರಲ್ಲಿ ಅಪಾಯವು ಬೇರೆ ಯಾವ ಮನೆಯ ಮಕ್ಕಳಿಗೂ ಇರುವುದಕ್ಕಿಂತ ಹೇಳಿಕೊಳ್ಳುವಷ್ಟು ಹೆಚ್ಚಿರುವುದಿಲ್ಲ. ಅವಳು ಆ ಪುಟವನ್ನು ಗಂಡನಿಗೂ ತೋರಿಸಿದಳು. ತೋಟದ ಮನೆಯ ಸಂಗತಿಯನ್ನೂ ಅಂದೇ ಹೇಳಿದಳು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ತಮ್ಮ ಸೋದರತ್ತೆಯೊಬ್ಬರು ಬಾವಿಗೆ ಬಿದ್ದದ್ದು ಕಾಲು ಜಾರಿ ಅಲ್ಲವೆಂದು ಮೊದಲ ಬಾರಿಗೆ ಹೆಂಡತಿಗೆ ಹೇಳಿದರಂತೆ. ಮದುವೆಯಾಗಿ ಹನ್ನೊಂದು ವರ್ಷಗಳಾಗಿದ್ದವು.

ಇದೇ ಅಧ್ಯಾಯದಲ್ಲಿ ಮನೆಗಳ ಬಗ್ಗೆ ಒಂದು ಭಾಗವಿದೆ. ಓದುಗರು ಇದನ್ನು ಗಮನಿಸಬೇಕು. ಜಾರ್ಜ್ ಬ್ರೌನ್ ಎಂಬ ಸಂಶೋಧಕರೂ ಅವರ ಸಂಗಡಿಗರೂ ಲಂಡನ್ನಿನಲ್ಲಿ 1950ರ ದಶಕದಿಂದ ಒಂದು ವಿಷಯವನ್ನು ಬೆನ್ನಟ್ಟಿದರು. ಆಸ್ಪತ್ರೆಯಿಂದ ಗುಣವಾಗಿ ಮನೆಗೆ ಹೋದ ಸ್ಕಿಜೋಫ್ರೀನಿಯಾ ರೋಗಿಗಳಲ್ಲಿ ಕೆಲವರಿಗೆ ಬೇಗ ಮರುಕಳಿಸುತ್ತದೆ, ಕೆಲವರಿಗೆ ಇಲ್ಲ, ಏಕೆ? ಮನೆಯವರು ಹೇಗೆ ಮಾತನಾಡುತ್ತಾರೆಂಬುದನ್ನು ಅಳೆದು ನೋಡಿದಾಗ ಉತ್ತರದ ಒಂದು ಭಾಗ ಸಿಕ್ಕಿತು. ಸದಾ ತಪ್ಪು ಹುಡುಕಿ ಬೈಯುವ, ಹಗೆ ಕಾರುವ ಮನೆಗಳಿಗೆ ಮರಳಿದವರಲ್ಲಿ ರೋಗ ಹೆಚ್ಚಾಗಿ ಮರುಕಳಿಸುತ್ತಿತ್ತು. ಅತಿಯಾದ ಮುದ್ದಿನಿಂದ ಉಸಿರುಗಟ್ಟಿಸುವ, ತುತ್ತು ತುತ್ತಿಗೂ ಕಣ್ಣೀರಿಡುವ ಮನೆಗಳಲ್ಲಿಯೂ ಹಾಗೆಯೇ. ಬೈಗುಳವೂ ಅತಿಮೋಹವೂ ಒಂದೇ ತಕ್ಕಡಿಯಲ್ಲಿ ಕುಳಿತದ್ದು ನಮ್ಮನ್ನು ಬೆರಗುಗೊಳಿಸಿತು. ಮನೆಯವರೇ ರೋಗಕ್ಕೆ ಕಾರಣರೆಂದು ಇದರ ಅರ್ಥವಲ್ಲ. ರೋಗ ಬಂದ ಮೇಲೆ ಮನೆಯ ಗಾಳಿ ಹೇಗಿರಬೇಕೆಂಬುದಷ್ಟೇ ಇಲ್ಲಿಯ ಮಾತು.

ಇದೇ ಅಳತೆಗೋಲನ್ನು ನಮ್ಮ ದೇಶದ ಚಂಡೀಗಢಕ್ಕೆ ತಂದು ಅಲ್ಲಿಯ ಕುಟುಂಬಗಳನ್ನು ಅಳೆದ ಫಲಿತಾಂಶ 1987ರಲ್ಲಿ ಪ್ರಕಟವಾಯಿತು. ಅಂಥ ಬಿಸಿಯೇರಿದ ಮನೆಗಳ ಪ್ರಮಾಣ ಲಂಡನ್ನಿಗಿಂತ ಅಲ್ಲಿ ಬಹಳ ಕಡಿಮೆಯಾಗಿತ್ತು. ಅಮೆರಿಕೆಯ ಕ್ರೈಸ್ತ ಕಾಲೇಜಿನ ಪಾಠದಲ್ಲಿ ಭಾರತದ ಮನೆಯೊಂದು ಮೆಚ್ಚುಗೆಯ ಮಾತಿನೊಡನೆ ಬಂದದ್ದನ್ನು ಕಂಡು ನಮ್ಮ ಹುಡುಗಿಗೆ ಹೆಮ್ಮೆಯಾಯಿತಂತೆ. ನಮಗೆ ನೆನಪಾದದ್ದು ನಮ್ಮ ಅಜ್ಜಿ. ತಟ್ಟೆಯಿಂದ ಒಂದು ತುತ್ತು ತಾನು ತಿಂದು, ಏನೂ ಹೇಳದೆ, ಮಗನ ಮುಂದೆ ಸರಿಸುತ್ತಿದ್ದಳು, ವಾದಿಸುತ್ತಿರಲಿಲ್ಲ, ಅಳುತ್ತಿರಲಿಲ್ಲ. ಆಕೆಗೆ ಯಾವ ಕೈಪಿಡಿಯೂ ಗೊತ್ತಿರಲಿಲ್ಲ. ಆದರೆ ಹೆಮ್ಮೆ ಅತಿಯಾಗಬಾರದು. ಆ ಅಜ್ಜಿಯ ತಾಳ್ಮೆ ಇದ್ದ ಮನೆಯಲ್ಲಿಯೇ ಔಷಧವಿರಲಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ನೇತೃತ್ವದಲ್ಲಿ 2015-16ರಲ್ಲಿ ನಡೆದ ರಾಷ್ಟ್ರೀಯ ಸಮೀಕ್ಷೆಯಂತೆ ವಯಸ್ಕರಲ್ಲಿ ಶೇಕಡ ಹತ್ತಕ್ಕೂ ಹೆಚ್ಚು ಮಂದಿಗೆ ಒಂದಲ್ಲ ಒಂದು ಮನೋವ್ಯಾಧಿ ಇತ್ತು. ಅವರಲ್ಲಿ ಬಹುಪಾಲು ಜನಕ್ಕೆ ಚಿಕಿತ್ಸೆ ದೊರೆತಿರಲಿಲ್ಲ.

ಮನೆಯ ಆರೈಕೆಯನ್ನೂ ಆಸ್ಪತ್ರೆಯ ಔಷಧವನ್ನೂ ಕೂಡಿಸುವ ದಾರಿ ನಮ್ಮಲ್ಲಿಯೇ ಹುಟ್ಟಿದ್ದುಂಟು. ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಅವರು 1950ರ ದಶಕದಲ್ಲಿ ಆವರಣದಲ್ಲಿ ಡೇರೆಗಳನ್ನು ಹಾಕಿಸಿ ರೋಗಿಯೊಡನೆ ಅವನ ಮನೆಯವರನ್ನೂ ಇರಿಸಿಕೊಂಡರು. ವೆಲ್ಲೂರಿನ ಕ್ರೈಸ್ತ ವೈದ್ಯಕೀಯ ಕಾಲೇಜು 1957ರಲ್ಲಿ ತೆರೆದ ಮಾನಸಿಕ ಆರೋಗ್ಯ ಕೇಂದ್ರದಲ್ಲಿಯೂ ರೋಗಿಯ ಜೊತೆಗೆ ಮನೆಯವರೊಬ್ಬರು ಉಳಿದುಕೊಳ್ಳುವ ಪದ್ಧತಿಯನ್ನು ಬೆಳೆಸಿದರು. ಇದೂ ಕ್ರೈಸ್ತ ಕಾಲೇಜೇ ಎಂಬುದನ್ನು ನಮ್ಮ ಹಿರಿಯರಿಗೆ ನಾವು ಜ್ಞಾಪಿಸಿದೆವು. ನಮ್ಮ ಕಡೆಯ ಎಷ್ಟೋ ಕುಟುಂಬಗಳು ಬೇರೆ ಬೇರೆ ಕಾಯಿಲೆಗಳಿಗಾಗಿ ವೆಲ್ಲೂರಿಗೆ ರೈಲು ಹತ್ತಿದವೇ ಆಗಿವೆ. ಆಗ ಯಾರೂ ಮತದ ಮಾತೆತ್ತಲಿಲ್ಲ.

ಇಂಥ ಓದಿಗೆ ಮನಸ್ಸು ಮಾಡಿರುವ ಸೋದರಿಯರಿಗೆ ಕೆಲವು ವ್ಯವಹಾರದ ಮಾತುಗಳು. ಈ ಒಂದು ವಿಷಯವನ್ನು ಓದಿದ ಮಾತ್ರಕ್ಕೆ, ಅಥವಾ ಮನೋವಿಜ್ಞಾನದಲ್ಲಿ ಪದವಿ ಪಡೆದ ಮಾತ್ರಕ್ಕೆ, ಅಮೆರಿಕೆಯಲ್ಲಿ ಯಾರೂ ಚಿಕಿತ್ಸಕರಾಗುವುದಿಲ್ಲ. ಅದಕ್ಕೆ ಸ್ನಾತಕೋತ್ತರ ಪದವಿ ಬೇಕು, ಅನುಭವಿಗಳ ಕೈಕೆಳಗೆ ಸಾವಿರಾರು ಗಂಟೆಗಳ ಕೆಲಸವಾಗಬೇಕು, ಆಯಾ ರಾಜ್ಯದ ಪರವಾನಗಿ ಪಡೆಯಬೇಕು. ಒಂದು ರಾಜ್ಯದ ಪರವಾನಗಿ ಇನ್ನೊಂದರಲ್ಲಿ ತಾನಾಗಿ ನಡೆಯದು. ಮುಂದೊಂದು ದಿನ ಊರಿಗೆ ಮರಳಿ ಇಲ್ಲಿ ಈ ಕೆಲಸ ಮಾಡುವ ಯೋಚನೆಯಿದ್ದವರು ಇನ್ನೂ ಎಚ್ಚರದಿಂದಿರಬೇಕು. ನಮ್ಮ ದೇಶದಲ್ಲಿ ಚಿಕಿತ್ಸಾ ಮನೋವಿಜ್ಞಾನಿಯೆನಿಸಿಕೊಳ್ಳಲು ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಬೇಕು. ಅಷ್ಟೇ ಅಲ್ಲ, ಮನೋವಿಜ್ಞಾನವೂ ಸೇರಿದಂತೆ ಆರೋಗ್ಯಕ್ಕೆ ಸಂಬಂಧಿಸಿದ ಪದವಿಗಳನ್ನು ದೂರಶಿಕ್ಷಣದಲ್ಲಾಗಲಿ ಆನ್‌ಲೈನ್ ಕ್ರಮದಲ್ಲಾಗಲಿ ಕೊಡಕೂಡದೆಂದು ವಿಶ್ವವಿದ್ಯಾಲಯ ಧನಸಹಾಯ ಆಯೋಗ 2025ರಲ್ಲಿ ನಮ್ಮ ವಿದ್ಯಾಸಂಸ್ಥೆಗಳಿಗೆ ಆದೇಶಿಸಿತು. ಅಂಚೆ ಪದವಿ ಪಡೆದು ಬೋರ್ಡು ಹಾಕಿಕೊಳ್ಳುವವರನ್ನು ಕಂಡಿರುವ ನಮಗೆ ಈ ಆದೇಶ ಅಷ್ಟೇನೂ ಅನ್ಯಾಯವೆನಿಸುವುದಿಲ್ಲ. ತಿಳಿವಳಿಕೆಗಾಗಿ ಓದುವುದು ಬೇರೆ, ಇನ್ನೊಬ್ಬರ ಮನಸ್ಸಿಗೆ ಕೈಹಾಕುವುದು ಬೇರೆ.

ಊರಿನಲ್ಲಿರುವವರು ಯಾವ ಕಾಲೇಜನ್ನೂ ಸೇರದೆ ಮಾಡಬಹುದಾದ ಕೆಲಸವೊಂದಿದೆ. ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಟೆಲಿ ಮಾನಸ್ ಎಂಬ ದೂರವಾಣಿ ಸೇವೆಯನ್ನು ಪ್ರಾರಂಭಿಸಿದೆ. ಅದರ ಸಂಖ್ಯೆ 14416. ಹಗಲಿರುಳೂ ತೆರೆದಿರುತ್ತದೆ, ಹಣ ಕೊಡಬೇಕಾಗಿಲ್ಲ, ಕನ್ನಡದಲ್ಲಿಯೇ ಮಾತನಾಡಬಹುದು. ರೋಗಿಯೇ ಮಾತನಾಡಬೇಕೆಂದಿಲ್ಲ, ಮನೆಯವರು ಕೂಡ ವಿಚಾರಿಸಬಹುದು. ಹಿತ್ತಲ ಕೋಣೆಯಲ್ಲಿ ಯಾರನ್ನಾದರೂ ಇರಿಸಿಕೊಂಡಿರುವ ಮನೆಗಳು ಈ ಪತ್ರಿಕೆಯ ಓದುಗರಲ್ಲಿಯೂ ಇವೆಯೆಂಬುದು ನಮಗೆ ಬರುವ ಪತ್ರಗಳಿಂದ ತಿಳಿದಿದೆ. ಹೆಸರಿಲ್ಲದ ಆ ಪತ್ರಗಳಿಗೆ ಇದನ್ನೇ ಉತ್ತರವೆಂದು ಭಾವಿಸಬೇಕು.

ವಿದೇಶದಲ್ಲಿದ್ದು ಕ್ರೈಸ್ತ ಕಾಲೇಜಿಗೆ ಸೇರಬಯಸುವವರು ಶುಲ್ಕ ಕಟ್ಟುವ ಮುನ್ನ ಮೂರು ಸಂಗತಿಗಳನ್ನು ಬರೆಹದಲ್ಲಿ ಕೇಳಿ ತರಿಸಿಕೊಳ್ಳಲಿ: ಕಾಲೇಜಿಗೆ ಮಾನ್ಯತೆ ಕೊಟ್ಟ ಸಂಸ್ಥೆ ಯಾವುದು, ನಂಬಿಕೆಯ ಪ್ರತಿಜ್ಞೆಗೆ ಸಹಿ ಬೇಕೇ, ಬೈಬಲಿನ ಎಷ್ಟು ವಿಷಯಗಳು ಕಡ್ಡಾಯ. ನಡುವೆ ಬಿಟ್ಟರೆ ಶುಲ್ಕದಲ್ಲಿ ಎಷ್ಟು ಮರಳುತ್ತದೆಂಬುದನ್ನೂ ವಿಚಾರಿಸಬೇಕು. ಎಂಟು ವಾರಗಳ ಪಾಠದಲ್ಲಿ ಮಗುವಿಗೆ ಒಂದು ವಾರ ಜ್ವರ ಬಂದರೆ ಓದು ಹಿಂದೆ ಬೀಳುತ್ತದೆ. ನಮ್ಮ ಹುಡುಗಿ ಮೊದಲ ಸಲ ಹಾಗೆಯೇ ಅರ್ಧಕ್ಕೆ ಬಿಟ್ಟು, ಮುಂದಿನ ಅವಧಿಯಲ್ಲಿ ಮತ್ತೆ ಹಣ ಕಟ್ಟಿ ಮುಗಿಸಿದಳು.